ಗದ್ದಲವೂ ಏಕಾಗ್ರತೆಯೂ

ಏಕಾಗ್ರತೆಗೆ ನಿಶ್ಶಬ್ದ ಬೇಕು ಎಂಬುದು ನಾವೆಲ್ಲರೂ ಒಪ್ಪಿಕೊಂಡು ಬಂದಿರುವ ಮಾತು. ಆದರೆ ಸುರಿಯುವ ಮಳೆಯ ಸದ್ದಿನಲ್ಲಿ ಸುಖವಾಗಿ ನಿದ್ರಿಸುವ ನಾವೇ ತೊಟ್ಟಿಕ್ಕುವ ಒಂದು ನಲ್ಲಿಯ ದೆಸೆಯಿಂದ ರಾತ್ರಿಯೆಲ್ಲ ಎಚ್ಚರವಾಗಿರುತ್ತೇವೆ. ಹಾಗಾದರೆ ನಮ್ಮನ್ನು ಕಾಡುವುದು ಸದ್ದಿನ ಪ್ರಮಾಣವೋ, ಅದರ ಸ್ವಭಾವವೋ? ಈ ಪ್ರಶ್ನೆಗೆ ಎರಡು ಸಾವಿರ ವರ್ಷಗಳಷ್ಟು ಹಳೆಯ ಇತಿಹಾಸವಿದೆ. ಅದರ ಕೆಲವು ಪುಟಗಳನ್ನು ಈ ಹೊತ್ತು ನಿಮ್ಮ ಮುಂದೆ ತೆರೆಯಬೇಕೆಂದಿದ್ದೇನೆ.

ರೋಮಿನ ತತ್ತ್ವಜ್ಞಾನಿ ಸೆನೆಕ ತೀರಿಕೊಂಡದ್ದು ಕ್ರಿ.ಶ. 65ರಲ್ಲಿ. ಬಾಳಿನ ಕೊನೆಯ ವರ್ಷಗಳಲ್ಲಿ ಆತ ಗೆಳೆಯ ಲುಸಿಲಿಯಸನಿಗೆ ಬರೆದ ಪತ್ರಗಳಲ್ಲೊಂದು ಗದ್ದಲವನ್ನು ಕುರಿತದ್ದು. ಆಗ ಆತನ ಬಿಡಾರ ಸಾರ್ವಜನಿಕ ಸ್ನಾನಗೃಹವೊಂದರ ಮೇಲೆ. ಕೆಳಗೆ ಭಾರ ಎತ್ತುವವರ ಏದುಸಿರು, ಮೈ ತಿಕ್ಕುವವನ ಅಂಗೈ ಬಡಿತ, ತಿಂಡಿ ಮಾರುವವರ ಕೂಗು. ಇವುಗಳ ನಡುವೆ ಕುಳಿತು ಆತ ಒಂದು ಸೂಕ್ಷ್ಮವನ್ನು ಗುರುತಿಸಿದ. ಬರಿಯ ಸದ್ದು ಕಿವಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಮನುಷ್ಯನ ಮಾತಾದರೋ ಮನಸ್ಸನ್ನೇ ಎಳೆದೊಯ್ಯುತ್ತದೆ. ಎಡೆಬಿಡದ ಸದ್ದಿಗಿಂತ ಬಿಟ್ಟುಬಿಟ್ಟು ಬರುವ ಸದ್ದು ಹೆಚ್ಚು ಕಾಡುತ್ತದೆ ಎಂದೂ ಆತ ಕಂಡುಕೊಂಡ. ಚಿತ್ತ ಶಾಂತವಾಗಿದ್ದರೆ ಹೊರಗಿನ ಗದ್ದಲ ಏನೂ ಮಾಡದು ಎಂದು ವಾದಿಸಿದ ಈ ಜ್ಞಾನಿ, ಪತ್ರದ ಕೊನೆಯಲ್ಲಿ ತಾನು ಬಿಡಾರವನ್ನೇ ಬದಲಿಸುವುದಾಗಿ ತಿಳಿಸುತ್ತಾನೆ! ತತ್ತ್ವ ಸೋತಿತೆಂದು ನಾವು ನಗಬೇಕಾಗಿಲ್ಲ. ಬಿಟ್ಟುಹೋಗುವ ಅನುಕೂಲ ಆತನಿಗಿತ್ತು ಎಂಬುದನ್ನು ಮಾತ್ರ ನೆನಪಿಡೋಣ.

ಲಂಡನ್ನಿನ ಚೆಲ್ಸಿಯಲ್ಲಿದ್ದ ಥಾಮಸ್ ಕಾರ್ಲೈಲನಿಗೂ ಅಂಥ ಅನುಕೂಲವಿತ್ತು. ನೆರೆಮನೆಯ ಹುಂಜಗಳ ಕೂಗಿಗೆ ಬೇಸತ್ತು ಆತ 1853ರಲ್ಲಿ ಮನೆಯ ನೆತ್ತಿಯ ಮೇಲೆ ಸದ್ದು ತೂರದಂಥ ಕೋಣೆಯೊಂದನ್ನು ಕಟ್ಟಿಸತೊಡಗಿದ. ಜೋಡಿ ಗೋಡೆಗಳು, ಬೆಳಕಿಗೆ ಮಾಡಿನಲ್ಲಿ ಗಾಜು. ಆದದ್ದೇನು? ಹತ್ತಿರದ ಸದ್ದುಗಳು ತಗ್ಗಿದವು. ಅದುವರೆಗೆ ಅವುಗಳಲ್ಲಿ ಮುಳುಗಿಹೋಗಿದ್ದ ದೂರದ ಗಂಟೆಗಳೂ ಸಿಳ್ಳುಗಳೂ ಕೇಳತೊಡಗಿದವು. ನಿಶ್ಶಬ್ದವನ್ನು ಅರಸಿದವನ ಕಿವಿ ಇನ್ನಷ್ಟು ಚುರುಕಾಯಿತೇ ಹೊರತು ಮನಸ್ಸಿಗೆ ನೆಮ್ಮದಿ ದೊರೆಯಲಿಲ್ಲ.

ಅದೇ ನಗರದಲ್ಲಿ ಗಣಕಯಂತ್ರದ ಮೂಲಪುರುಷನೆನಿಸಿದ ಚಾರ್ಲ್ಸ್ ಬ್ಯಾಬೇಜ್ ಬೀದಿಯ ವಾದ್ಯಗಾರರ ಮೇಲೆ ಸಮರವನ್ನೇ ಸಾರಿದ್ದ. ತನ್ನ ದುಡಿಮೆಯ ಶಕ್ತಿಯಲ್ಲಿ ಕಾಲುಭಾಗವನ್ನು ಅವರು ನುಂಗಿಹಾಕಿದರೆಂದು ಆತ 1864ರಲ್ಲಿ ಬರೆದ. ಅದೇ ವರ್ಷ ಪಾರ್ಲಿಮೆಂಟು ಬೀದಿಸಂಗೀತವನ್ನು ಹತ್ತಿಕ್ಕುವ ಕಾಯಿದೆಯನ್ನು ಮಾಡಿತು. ಬ್ಯಾಬೇಜನ ಸಂಕಟ ಸುಳ್ಳಲ್ಲ. ಆದರೆ ಆ ವಾದ್ಯಗಾರರಲ್ಲಿ ಅನೇಕರು ಹೊಟ್ಟೆಪಾಡಿಗಾಗಿ ಇಟಲಿಯಿಂದ ಬಂದ ಬಡವರು; ಅವರ ವಾದ್ಯ ಓಣಿಯ ಮಕ್ಕಳಿಗೆ ಹಬ್ಬ. ಒಬ್ಬನ ಗದ್ದಲವೇ ಇನ್ನೊಬ್ಬನ ಅನ್ನವಾಗಿತ್ತು.

ಮುಂದಿನ ಶತಮಾನದಲ್ಲಿ ಸದ್ದನ್ನೇ ದುಡಿಮೆಗೆ ನೆರವಾಗಿಸುವ ಪ್ರಯತ್ನ ನಡೆಯಿತು. ಮಹಾಯುದ್ಧದ ನಡುವೆ, 1940ರ ಜೂನ್ 23ರಂದು, ಬಿ.ಬಿ.ಸಿ. ಕಾರ್ಖಾನೆಯ ಕೆಲಸಗಾರರಿಗಾಗಿ 'ಮ್ಯೂಸಿಕ್ ವೈಲ್ ಯು ವರ್ಕ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಅದು 1967ರವರೆಗೆ ನಡೆಯಿತು. ಪರಿಚಿತ ಧಾಟಿಗಳು, ಒಂದೇ ಹದದ ಲಯ. ಕೆಲಸಗಾರರು ಹತಾರ ಬಿಟ್ಟು ತಾಳ ಹಾಕಬಹುದೆಂಬ ಅಂಜಿಕೆಯಿಂದ ಒಂದು ಜನಪ್ರಿಯ ಹಾಡನ್ನು ಅದರಿಂದ ಹೊರಗಿಟ್ಟರಂತೆ!

ನಮ್ಮ ಹಳ್ಳಿಯ ಹೆಂಗಸರು ಈ ವಿದ್ಯೆಯನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವಳಿಗೆ ಕಲ್ಲಿನ ಮೊರೆತವೇ ಶ್ರುತಿ, ಕೈಯ ಸುತ್ತೇ ತಾಳ. ಕಾರ್ಖಾನೆಯಲ್ಲಿ ಧಾಟಿಯನ್ನು ಇನ್ನಾರೋ ಆರಿಸುತ್ತಿದ್ದರು. ಇಲ್ಲಿ ಹಾಡೂ ಅವಳದು, ನಿಲ್ಲಿಸುವ ಕೈಯೂ ಅವಳದು. ಈ ವ್ಯತ್ಯಾಸ ಸಣ್ಣದಲ್ಲವೆಂದು ನನ್ನ ಭಾವನೆ.

ವಿಜ್ಞಾನದ ಸಾಕ್ಷ್ಯವೂ ಇದೇ ಕಡೆಗೆ ಬೊಟ್ಟುಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರಲ್ಲಿ ತಮ್ಮ ಪ್ರಯೋಗಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಎರಡು ಗುಂಪುಗಳಿಗೆ ಒಂದೇ ಕರ್ಕಶ ಸದ್ದನ್ನು ಕೇಳಿಸಿದರು. ಒಂದು ಗುಂಪಿನವರಿಗೆ ಮಾತ್ರ, ತೀರ ಬೇಕಾದರೆ ಒತ್ತಿ ಸದ್ದನ್ನು ನಿಲ್ಲಿಸಬಹುದಾದ ಗುಂಡಿಯನ್ನು ಕೊಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ. ಆದರೂ ಅನಂತರ ಕೊಟ್ಟ ಕೆಲಸದಲ್ಲಿ ಅವರೇ ಮೇಲಾದರು. ಗುಂಡಿ ತಮ್ಮ ಬಳಿ ಇದೆ ಎಂಬ ಭರವಸೆಯೇ ಅವರನ್ನು ಕಾಪಾಡಿತ್ತು.

ಗುಂಡಿಯೇ ಇಲ್ಲದವರ ಪಾಡೇನು? ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಎತ್ತರದ ರೈಲುಹಾದಿಗೆ ತಾಗಿದಂತೆ ಒಂದು ಪ್ರಾಥಮಿಕ ಶಾಲೆಯಿತ್ತು. ಕೆಲವು ನಿಮಿಷಗಳಿಗೊಮ್ಮೆ ಗಾಡಿ ಹಾಯುವಾಗ ಉಪಾಧ್ಯಾಯರು ಪಾಠವನ್ನು ನಿಲ್ಲಿಸಬೇಕಾಗುತ್ತಿತ್ತು. ಆರ್ಲೀನ್ ಬ್ರಾನ್ಜಾಫ್ಟ್ ಎಂಬ ಮನೋವಿಜ್ಞಾನಿ ತಮ್ಮ ಸಹೋದ್ಯೋಗಿಯೊಡನೆ 1975ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಾದಿಯ ಕಡೆಗಿದ್ದ ಕೋಣೆಗಳ ಮಕ್ಕಳು ಓದಿನಲ್ಲಿ ಹಿಂದುಳಿದಿದ್ದರು. ಆರನೆಯ ತರಗತಿಯ ಹೊತ್ತಿಗೆ ಈ ಅಂತರ ಸುಮಾರು ಒಂದು ವರ್ಷದ್ದು. ಬಳಿಕ ಹಳಿಗಳಡಿ ರಬ್ಬರ್ ಹಾಸು ಬಂದಿತು, ತರಗತಿಗಳಿಗೆ ಸದ್ದನ್ನು ಹೀರುವ ಛಾವಣಿ ಬಂದಿತು. 1981ರಲ್ಲಿ ಪ್ರಕಟವಾದ ಎರಡನೆಯ ಅಧ್ಯಯನದಲ್ಲಿ ಆ ಅಂತರ ಅಳಿದಿತ್ತು. ಮಕ್ಕಳನ್ನು ದಡ್ಡರೆನ್ನಬಹುದಾಗಿದ್ದ ಕಡೆ ದೋಷ ಹಳಿಯಲ್ಲಿತ್ತು.

ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರಿನವರೆಗಿನ ಪ್ರದೇಶವನ್ನು ಮೌನವಲಯವೆಂದು ಘೋಷಿಸಲು ಅವಕಾಶವಿತ್ತಿವೆ. ಪರೀಕ್ಷೆಯ ಕಾಲದಲ್ಲಿ ಧ್ವನಿವರ್ಧಕದ ಕಂಬದಡಿಯಲ್ಲಿ ಪುಸ್ತಕ ಹಿಡಿದು ಕುಳಿತ ಹುಡುಗಿಗೆ ಈ ನಿಯಮದಿಂದ ಎಷ್ಟು ನೆರವಾಗುತ್ತಿದೆ ಎಂಬುದನ್ನು ನೀವೇ ಬಲ್ಲಿರಿ. ಸೆನೆಕನಂತೆ ಅವಳು ಮನೆ ಬದಲಿಸಲಾರಳು. ಕಾರ್ಲೈಲನಂತೆ ಕೋಣೆ ಕಟ್ಟಿಸಲಾರಳು. ಅವಳ ಪಾಲಿನ ಗುಂಡಿ ಇರುವುದು ಹಬ್ಬ ಮಾಡುವ, ಮೆರವಣಿಗೆ ಹೊರಡಿಸುವ ನಮ್ಮ ಕೈಯಲ್ಲಿ.