ಅಣ್ಣನ ಮಾತ್ರೆಗಳು ಮತ್ತು ಅವುಗಳ ಚರಿತ್ರೆ

ಬಿನ್ನಿಪೇಟೆಯ ಹೆಸರು ಕೇಳಿದೊಡನೆ ಹಳೆಯ ಬೆಂಗಳೂರಿಗರಿಗೆ ನೆನಪಾಗುವುದು ಗಿರಣಿ. 1884ರಲ್ಲಿ ಆರಂಭವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದು ಬಿನ್ನಿ ಮಿಲ್ ಎನಿಸಿತು. ಸುತ್ತ ಬೆಳೆದ ಪೇಟೆಗೂ ಅದೇ ಹೆಸರು ನಿಂತಿತು. ಇಂದು ಆ ಜಾಗದಲ್ಲಿ ಬಹುಮಹಡಿ ವಸತಿ ಕಟ್ಟಡಗಳೂ ಮಾಲ್ ಒಂದೂ ಇವೆ. ನಾನಿಲ್ಲಿ ಬರೆಯಹೊರಟಿರುವುದು ಗಿರಣಿಯ ಚರಿತ್ರೆಯನ್ನಲ್ಲ. 1983ರಲ್ಲಿ ಅದೇ ಪೇಟೆಯ ವಠಾರದ ನಮ್ಮ ಮನೆಗೆ ಬಂದ ಪುಟ್ಟ ಮಾತ್ರೆಗಳ ಚರಿತ್ರೆಯನ್ನು.

ನನ್ನ ಅಣ್ಣ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ನಲವತ್ತೊಂದರ ವಯಸ್ಸಿನಲ್ಲಿ ಅವನಿಗೆ ನಸುಕಿನ ಮೂರು ಗಂಟೆಗೇ ಎಚ್ಚರವಾಗತೊಡಗಿತು. ಊಟ ಸೇರದು, ಎದೆ ಡವಡವ, ಜೋಡಿಸಿದ ಸಾಲುಗಳಲ್ಲಿ ತಪ್ಪುಗಳು. ಹೃದಯದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಮ್ಮ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಕರೆದೊಯ್ದರು. ನೆರೆಯವರು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಿಂದ ತಾಯತ ತಂದುಕೊಟ್ಟರು. ಒಂದು ರಾತ್ರಿ ಅವನು “ನಾನಿಲ್ಲದಿದ್ದರೆ ನಿಮಗೆಲ್ಲ ಹಗುರವಾದೀತು” ಎಂದಾಗ ಅತ್ತಿಗೆ ಬೆಚ್ಚಿದರು. ಮರುದಿನವೇ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ ನಿಮ್ಹಾನ್ಸಿಗೆ ಹೋದೆವು.

ಆ ದಿನಗಳಲ್ಲಿ ನಮ್ಮ ಪೇಟೆಯಲ್ಲಿ ಆ ಸಂಸ್ಥೆಗೆ ‘ಹುಚ್ಚಾಸ್ಪತ್ರೆ’ ಎಂದೇ ಹೆಸರು. ಅದರ ಹಿಂದಿನ ಕಥೆಯೂ ಹಾಗೆಯೇ ಇತ್ತೆನ್ನಿ. ಹತ್ತೊಂಬತ್ತನೆಯ ಶತಮಾನದ ‘ಲೂನಟಿಕ್ ಅಸೈಲಂ’ ಅನ್ನು ಮೈಸೂರು ಸರ್ಕಾರ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. 1937ರಲ್ಲಿ ಅದು ಹೊಸೂರು ರಸ್ತೆಯ ಈಗಿನ ಆವರಣಕ್ಕೆ ಬಂದಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು. ಆಸ್ಪತ್ರೆ ಆ ಆವರಣಕ್ಕೆ ಬಂದಾಗ ಖಿನ್ನತೆಗೆಂದೇ ಮಾತ್ರೆ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಅಣ್ಣ ಇನ್ನೂ ಬಹಳ ಮೊದಲು ಹುಟ್ಟಿದ್ದರೆ ಏನಾಗುತ್ತಿತ್ತೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ವೈದ್ಯರು ಬರೆದುಕೊಟ್ಟದ್ದು ಇಮಿಪ್ರಮಿನ್. ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕೂನ್ ಇದನ್ನು ಮೊದಲು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟು ನೋಡಿದ್ದರು. ಅಲ್ಲಿ ಅದು ಸೋತಿತು. ಆದರೆ ಖಿನ್ನತೆಯಿಂದ ಕುಸಿದವರು ಇದರಿಂದ ಚೇತರಿಸಿಕೊಳ್ಳುವುದನ್ನು ಅವರು ಕಂಡು 1957ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 1952ರಲ್ಲಿ, ನ್ಯೂಯಾರ್ಕಿನ ಕ್ಷಯ ಆಸ್ಪತ್ರೆಯೊಂದರಲ್ಲಿ ಇಪ್ರೋನಿಯಾಜಿಡ್ ಎಂಬ ಔಷಧ ಪಡೆದ ರೋಗಿಗಳು ಅನಿರೀಕ್ಷಿತವಾಗಿ ಉಲ್ಲಸಿತರಾದದ್ದು ಕಂಡುಬಂದಿತ್ತು. ಖಿನ್ನತೆಯ ಮೊದಲ ಎರಡು ಔಷಧಗಳೂ ಬೇರೆ ಕಾಯಿಲೆಗಳ ಹಾದಿಯಲ್ಲಿ ಆಕಸ್ಮಿಕವಾಗಿ ಸಿಕ್ಕವು.

ಈ ಚರಿತ್ರೆಯಲ್ಲಿ ನಮ್ಮ ದೇಶದ ಒಂದು ಬೇರಿಗೂ ಪಾಲಿದೆ. ಸರ್ಪಗಂಧಿಯು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯೋಗವೆಂದು 1931ರಲ್ಲಿ ಕಲ್ಕತ್ತೆಯ ವೈದ್ಯರಿಬ್ಬರು ಬರೆದರು. ರಕ್ತದೊತ್ತಡದಲ್ಲಿ ಅದರ ಬಳಕೆಯನ್ನು 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಲೋಕಕ್ಕೆ ತಿಳಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಲಾಯಿತು. ಅದನ್ನು ಸೇವಿಸಿದ ರಕ್ತದೊತ್ತಡದ ರೋಗಿಗಳಲ್ಲಿ ಕೆಲವರು ಖಿನ್ನರಾದರೆಂಬ ವರದಿಗಳು ಬಂದವು. ಮಿದುಳಿನ ರಾಸಾಯನಿಕಗಳಿಗೂ ಮನಸ್ಸಿಗೂ ನಂಟಿದೆಯೆಂಬ ವಿಚಾರಕ್ಕೆ ಇದು ಒತ್ತು ಕೊಟ್ಟಿತು. ‘ಸೆರೊಟೋನಿನ್ ಕೊರತೆಯೇ ಖಿನ್ನತೆ’ ಎಂಬ ಸರಳ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ, ಕಾರಣಗಳು ಹಲವು. ಆದರೂ ಒಂದು ಪಾಠ ಉಳಿಯಿತು: ಬೇರೆ ಕಾಯಿಲೆಗೆ ಸೇವಿಸುವ ಔಷಧವೂ, ಅದು ನಾಟಿ ಬೇರೇ ಆಗಿರಲಿ, ಮನಸ್ಸನ್ನು ತಟ್ಟಬಲ್ಲದು. ಆದುದರಿಂದಲೇ ವೈದ್ಯರು ಅಣ್ಣನನ್ನು “ಬೇರೆ ಏನೇನು ತೆಗೆದುಕೊಳ್ಳುತ್ತೀರಿ?” ಎಂದು ಎರಡೆರಡು ಸಲ ಕೇಳಿದ್ದು.

ಮೊದಲ ಎರಡು ವಾರ ಗುಣ ಕಾಣಲಿಲ್ಲ, ಬಾಧೆ ಮಾತ್ರ ಕಂಡಿತು. ಬಾಯಿ ಒಣಗುವುದು, ಮಲಬದ್ಧತೆ, ಎದ್ದು ನಿಂತರೆ ತಲೆಸುತ್ತು. ಅಮ್ಮ ಮಾತ್ರೆಗಳನ್ನು ಮೋರಿಗೆ ಎಸೆಯಹೊರಟಿದ್ದರು. ಮೂರನೆಯ ವಾರದ ಕೊನೆಯಲ್ಲಿ ಒಂದು ಬೆಳಗ್ಗೆ ಅಣ್ಣ ತಾನಾಗಿ ಪತ್ರಿಕೆ ಕೇಳಿದ. ಇಂತಹ ಔಷಧಗಳೆಲ್ಲಕ್ಕೂ ಸಾಮಾನ್ಯವಾಗಿ ಎರಡರಿಂದ ಆರು ವಾರಗಳ ಕಾಲಾವಕಾಶ ಬೇಕು. ಮೊದಲು ಬರುವುದು ಅಡ್ಡಪರಿಣಾಮ, ಆಮೇಲೆ ಬರುವುದು ಗುಣ. ಈ ಒಂದು ಸಂಗತಿ ತಿಳಿಯದೆ ಎಷ್ಟು ಜನ ಮೊದಲ ಚೀಟಿಯಲ್ಲೇ ನಿಲ್ಲಿಸಿದ್ದಾರೋ!

ನಿಲ್ಲಿಸುವ ತಪ್ಪನ್ನು ಅಣ್ಣ ಬೇರೊಂದು ಬಗೆಯಲ್ಲಿ ಮಾಡಿದ. ನಾಲ್ಕು ತಿಂಗಳಾದ ಮೇಲೆ, ಚೆನ್ನಾಗಿದ್ದೇನಲ್ಲ ಎಂದು, ಯಾರಿಗೂ ಹೇಳದೆ ಒಮ್ಮೆಲೇ ಬಿಟ್ಟ. ಕೆಲವೇ ದಿನಗಳಲ್ಲಿ ವಾಕರಿಕೆ, ನಿದ್ರಾಭಂಗ, ಕೆಟ್ಟ ಕನಸು. ಎರಡು ತಿಂಗಳೊಳಗೆ ಹಳೆಯ ಕತ್ತಲೆಯೇ ಮರಳಿತು. ನಾನಂತೂ ಮಾತ್ರೆಯ ಮೇಲೆಯೇ ಸಿಟ್ಟುಗೊಂಡೆ; ಚಟ ಹತ್ತಿಸಿತೆಂದು ವೈದ್ಯರೊಡನೆ ವಾದಿಸಿದೆ. ಅವರು ತಾಳ್ಮೆಯಿಂದ ತಿಳಿಸಿದರು: ಹೆಂಡದಂತೆ ಇದು ಇನ್ನಷ್ಟು ಬೇಕೆನಿಸುವ ವಸ್ತುವಲ್ಲ, ಆದರೆ ದೇಹ ಇದಕ್ಕೆ ಹೊಂದಿಕೊಂಡಿರುತ್ತದೆ, ಆದುದರಿಂದ ಹಂತಹಂತವಾಗಿ ಇಳಿಸಬೇಕು. ಗುಣವಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ವಾಡಿಕೆ. ಪದೇ ಪದೇ ಬರುವವರಿಗೆ ಇನ್ನೂ ಹೆಚ್ಚು. ಚಟ ಹಿಡಿಸುವ ಭಯ ನಿಜವಾಗಿ ಇರುವುದು ಆತಂಕಕ್ಕೂ ನಿದ್ರೆಗೂ ಜನ ನುಂಗುವ ಆಲ್ಪ್ರಜೋಲಂ ಮೊದಲಾದ ಬೇರೊಂದು ವರ್ಗದ ಮಾತ್ರೆಗಳಲ್ಲಿ. ಎರಡನ್ನೂ ಒಂದೇ ಎಂದು ತಿಳಿಯುವುದು ಇಂದಿಗೂ ಇರುವ ತಪ್ಪು.

ಈ ಸಲ ವೈದ್ಯರು ಅತ್ತಿಗೆಯನ್ನು ಪ್ರತ್ಯೇಕವಾಗಿ ಕರೆದು, ಮಾತ್ರೆಗಳು ಅವರ ವಶದಲ್ಲೇ ಇರಬೇಕು, ದಿನಕ್ಕೆ ಬೇಕಾದಷ್ಟೇ ಕೊಡಬೇಕು ಎಂದರು. ಇಮಿಪ್ರಮಿನ್ ವರ್ಗದ ಔಷಧ ಮಿತಿಮೀರಿದರೆ ಹೃದಯಕ್ಕೆ ಮಾರಕ. ಅತ್ತಿಗೆ ಅದನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಅಣ್ಣನಿಗೆ ಅವಮಾನವಾಗಿರಬಹುದು, ಆದರೆ ಅವನು ಉಳಿದ.

1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುವಾಕ್ಸೆಟಿನ್‌ಗೆ ಅನುಮತಿ ದೊರೆತ ಮೇಲೆ ಹೊಸ ಪೀಳಿಗೆಯ ಔಷಧಗಳು ಬಂದವು. ಮಿತಿಮೀರಿದಾಗಿನ ಅಪಾಯ ಇವುಗಳಲ್ಲಿ ಹಳೆಯವಕ್ಕಿಂತ ಬಹಳ ಕಡಿಮೆ; ಹಾಗೆಂದು ಎಚ್ಚರ ಬೇಡವೆಂದಲ್ಲ. ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಔಷಧದ ಮಾಹಿತಿಪತ್ರದಲ್ಲಿ ಚೌಕಟ್ಟಿನೊಳಗೆ ಎಚ್ಚರಿಕೆ ಹಾಕಿಸಿದರು. 2007ರಲ್ಲಿ ಅದನ್ನು 24 ವರ್ಷದವರೆಗಿನವರಿಗೂ ವಿಸ್ತರಿಸಿದರು. ಆದುದರಿಂದ ಮೊದಲ ವಾರಗಳಲ್ಲಿ ಚಡಪಡಿಕೆ, ಅತಿ ಸಿಡುಕು, ಬದುಕು ಬೇಡವೆಂಬ ಮಾತು ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ನಿದ್ದೆಯಿಲ್ಲದೆಯೂ ಅತಿಯಾದ ಹುರುಪು, ದುಂದುವೆಚ್ಚ ಕಂಡರೂ ಹಾಗೆಯೇ. ಅದು ಬೈಪೋಲಾರ್ ಕಾಯಿಲೆಯ ಸೂಚನೆಯಿರಬಹುದು. ನನ್ನ ವಯಸ್ಸಿನವರು ಮಂಡಿನೋವಿನ ಮಾತ್ರೆಗಳ ವಿಷಯವನ್ನು ಮರೆಯದೆ ಹೇಳಬೇಕು; ಜೊತೆಗೂಡಿದರೆ ರಕ್ತಸ್ರಾವದ ಸಂಭವವಿದೆ. ಟ್ರಮಡಾಲ್ ಎಂಬ ನೋವುನಿವಾರಕವೂ ಇವುಗಳೊಡನೆ ಅಪಾಯಕಾರಿ. ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯುವುದುಂಟು. ಗರ್ಭಿಣಿಯರು ತಾವಾಗಿ ಆರಂಭಿಸುವುದೂ ನಿಲ್ಲಿಸುವುದೂ ಸಲ್ಲದು. ಮದ್ಯ ದೂರವಿರಲಿ.

ಮಾತ್ರೆಯೊಂದೇ ದಾರಿಯೇ ಎಂದು ಕೇಳುವವರಿದ್ದಾರೆ. ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ ನಿಮ್ಹಾನ್ಸಿನ ಸಂಶೋಧಕರು ನಾಲ್ಕು ವಾರ ನೋಡಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯುತ್ ಚಿಕಿತ್ಸೆಯಲ್ಲಿ ನೂರಕ್ಕೆ 93, ಇಮಿಪ್ರಮಿನ್‌ನಲ್ಲಿ 73, ಸುದರ್ಶನ ಕ್ರಿಯೆಯಲ್ಲಿ 67 ಮಂದಿ ಚೇತರಿಸಿಕೊಂಡಿದ್ದರು. ಚಿಕ್ಕ ಅಧ್ಯಯನವಾದರೂ ಇದರಿಂದ ಎರಡು ಮಾತು ತಿಳಿಯುತ್ತದೆ. ಉಸಿರಾಟದ ಅಭ್ಯಾಸ ಕೆಲವರಿಗೆ ನೆರವಾಗಬಲ್ಲದು. ಮಾತ್ರೆ ಎಲ್ಲರಿಗೂ ಒಗ್ಗದು. ಒಗ್ಗದಿದ್ದರೆ ಬದಲಾಯಿಸಲು ವೈದ್ಯರಿದ್ದಾರೆ. ಮಾತುಕತೆಯ ಚಿಕಿತ್ಸೆಯೂ ಇದೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೊಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಈಡಾಗುತ್ತಾರೆ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. ಹೊಸೂರು ರಸ್ತೆಯವರೆಗೆ ಎಲ್ಲರೂ ಬರಲಾರರೆಂದೇ ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟರು. ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ; ಕನ್ನಡದಲ್ಲಿಯೂ ಮಾತನಾಡಬಹುದು.

ಎರಡನೆಯ ಸಲ ಅಣ್ಣ ಒಂದೂವರೆ ವರ್ಷ ಮಾತ್ರೆ ಸೇವಿಸಿ, ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಬಿಟ್ಟ. ಮುದ್ರಣಾಲಯಗಳಿಂದ ಮೊಳೆಗಳು ಮಾಯವಾದ ಮೇಲೆ ಕರಡು ತಿದ್ದುವ ಕೆಲಸ ಕಲಿತು, ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಎಪ್ಪತ್ತು ದಾಟಿ ತೀರಿಕೊಂಡ. ಔಷಧದ ಚೀಟಿಯಲ್ಲಿರುವ ಒಂದೊಂದು ಎಚ್ಚರಿಕೆಯ ಹಿಂದೆಯೂ ಎಲ್ಲೋ ಯಾರೋ ಅನುಭವಿಸಿದ ಕಷ್ಟವಿದೆ ಎಂಬುದನ್ನು ನಾನು ಕಲಿತದ್ದು ಅವನಿಂದ. ಓದುಗ ಮಿತ್ರರಲ್ಲಿ ಯಾರ ಮನೆಯಲ್ಲಾದರೂ ಇಂತಹ ಮಾತ್ರೆಗಳಿದ್ದರೆ ನಾಚಿಕೆಪಡಬೇಡಿ, ನಿಲ್ಲಿಸುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಿ.