ಒಬ್ಬನೇ ಗಿರಾಕಿಯ ದ್ರಾಕ್ಷಿ

ಯುರೋಪಿನ ದೊಡ್ಡ ವೈನ್ ಮೇಳಗಳು ನಡೆಯುವ ತಿಂಗಳುಗಳನ್ನು ಗಮನಿಸಿ. ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ ನಡೆಯುವ ಪ್ರೋವೈನ್ ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಇಟಲಿಯ ವೆರೋನಾದಲ್ಲಿ 1967ರಿಂದ ನಡೆದುಬಂದಿರುವ ವಿನಿಟಲಿ ಹೆಚ್ಚುಕಡಿಮೆ ಏಪ್ರಿಲ್‌ನಲ್ಲಿ. ಅಲ್ಲಿನವರಿಗೆ ಇದು ಅನುಕೂಲದ ಕಾಲ. ಬಳ್ಳಿಗಳು ಚಳಿಗಾಲದ ನಿದ್ದೆ ಮುಗಿಸಿ ಇನ್ನೂ ಕಣ್ಣು ಬಿಡುತ್ತಿರುತ್ತವೆ. ಹಿಂದಿನ ಸೆಪ್ಟೆಂಬರ್‌ನಲ್ಲಿ ಕೊಯ್ದ ಹಣ್ಣಿನ ರಸ ನೆಲಮಾಳಿಗೆಯಲ್ಲಿ ತಿಳಿಯಾಗಿ ಕುಳಿತಿರುತ್ತದೆ. ವೈನ್ ಮಾಡುವವನಿಗೆ ಬಿಡುವು, ಕೊಳ್ಳುವವನಿಗೆ ಕುತೂಹಲ, ವೈನ್ ಬಗ್ಗೆ ಬರೆಯುವವನಿಗೆ ಒಂದೇ ಸೂರಿನಡಿ ಸಾವಿರಾರು ಬಾಟಲಿ.

ಅದೇ ಹೊತ್ತಿಗೆ ಪುಣೆ, ನಾಸಿಕ್ ಜಿಲ್ಲೆಗಳಲ್ಲಿ ಕೊಯ್ಲಿನ ಗದ್ದಲ. ನಮ್ಮಲ್ಲಿ ದ್ರಾಕ್ಷಿ ಬಳ್ಳಿ ಮಲಗುವುದೇ ಇಲ್ಲ. ಬಿಟ್ಟರೆ ವರ್ಷಕ್ಕೆ ಎರಡು ಸಲ ಫಲ ಕೊಟ್ಟೀತು. ಅದನ್ನು ಹದ್ದಿನಲ್ಲಿಡಲು ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಕತ್ತರಿ ಆಡಿಸುತ್ತಾರೆ. ಎರಡನೆಯ ಚಾಟನಿಯ ಹಣ್ಣು ಫೆಬ್ರವರಿ, ಮಾರ್ಚ್‌ನಲ್ಲಿ ಕೈಗೆ ಬರುತ್ತದೆ. ಮೇಳಕ್ಕೆ ಹೊರಟ ಭಾರತದ ವೈನ್ ತಯಾರಕ ತನ್ನ ವರ್ಷದ ಅತಿ ಮುಖ್ಯ ದಿನಗಳನ್ನು ಬೇರೆಯವರ ಕೈಗೆ ಕೊಟ್ಟು ವಿಮಾನ ಹತ್ತಬೇಕು.

ಭಾರತದ ವೈನಿನ ಚರಿತ್ರೆಯನ್ನು ಇಂಥ ಪ್ರಯಾಣಗಳ ಕಥೆಯಾಗಿಯೇ ಬರೆದದ್ದು ಹೆಚ್ಚು: ಯಾರು ಯಾವ ಮೇಳಕ್ಕೆ ಹೋದರು, ಯಾವ ಪದಕ ತಂದರು, ಯಾವ ವಿದೇಶಿ ವಿಮರ್ಶಕ ತಲೆದೂಗಿದ. ಆದರೆ ಮೊದಲ ಪ್ರಯಾಣ ನಡೆದದ್ದು ಉಲ್ಟಾ ದಿಕ್ಕಿನಲ್ಲಿ. ಫ್ರಾನ್ಸಿನಿಂದ ಪುಣೆ ಜಿಲ್ಲೆಯ ಒಂದು ಸಂತೆಯೂರಿಗೆ.

ಊರಿನ ಹೆಸರು ನಾರಾಯಣಗಾಂವ್. ಪುಣೆಯಿಂದ ನಾಸಿಕ್ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 75 ಕಿಲೋಮೀಟರ್, ಜುನ್ನರ್ ತಾಲ್ಲೂಕು. ಶಿವಾಜಿ ಹುಟ್ಟಿದ ಶಿವನೇರಿ ಕೋಟೆ ಹತ್ತಿರದಲ್ಲೇ ಇದೆ. ಮಹಾರಾಷ್ಟ್ರದಲ್ಲಿ ಈ ಊರು ಹೆಸರುವಾಸಿಯಾದದ್ದು ತಮಾಷಾ ಮೇಳಗಳಿಂದ. ವಿಠಾಬಾಯಿ ನಾರಾಯಣಗಾಂವ್ಕರ್ ಹೆಸರನ್ನು ಕೇಳದ ತಮಾಷಾ ಪ್ರೇಮಿ ಇಲ್ಲ. ಟೊಮೆಟೊ ಮಾರುಕಟ್ಟೆಯೂ ದೊಡ್ಡದು. ಪಕ್ಕದ ಖೋಡದ್‌ನಲ್ಲಿ ಈಗ ಆಕಾಶಕ್ಕೆ ಕಿವಿಗೊಟ್ಟ ದೈತ್ಯ ರೇಡಿಯೊ ದೂರದರ್ಶಕವಿದೆ. ಲಾವಣಿ, ಟೊಮೆಟೊ, ರೇಡಿಯೊ ತರಂಗ. ಇವುಗಳ ನಡುವೆ 1980ರ ದಶಕದಲ್ಲಿ ಶಾಂಪೇನ್ ಬಂದು ಸೇರಿತು.

ತಂದವರು ಮುಂಬೈ ಉದ್ಯಮಿ ಶ್ಯಾಮರಾವ್ ಚೌಗುಲೆ, ಇಂಡೇಜ್ ಸಮೂಹದ ಸ್ಥಾಪಕರು. ದಶಕದ ಮೊದಲ ವರ್ಷಗಳಲ್ಲಿ ಅವರು ಫ್ರಾನ್ಸಿನ ಶಾಂಪೇನ್ ಸೀಮೆಯ ಪಿಪರ್–ಹೈಡ್ಸಿಕ್ ಮನೆತನದ ತಾಂತ್ರಿಕ ನೆರವು ಕೇಳಿದರು. ಅಲ್ಲಿಂದ ರಫಾಯೆಲ್ ಬ್ರಿಸ್ಬ್ವಾ ಎಂಬ ತರುಣ ವೈನ್ ತಜ್ಞ ಬಂದ. ಸಹ್ಯಾದ್ರಿಯ ಬೆನ್ನಿನ ಇಳಿಜಾರುಗಳಲ್ಲಿ ಶಾರ್ಡನೇ, ಉನ್ಯಿ ಬ್ಲಾಂ ಮುಂತಾದ ತಳಿಗಳು ಬೇರೂರಿದವು. ಕಂಪನಿಯ ಹೆಸರೇ ಶಾಂಪೇನ್ ಇಂಡಿಯಾ. ಆ ಹೆಸರು ಇವತ್ತು ಸಾಧ್ಯವಿಲ್ಲ. ಭಾರತದ ಭೌಗೋಳಿಕ ಸೂಚಕ ಕಾಯ್ದೆ 2003ರಲ್ಲಿ ಜಾರಿಗೆ ಬಂತು, ಫ್ರೆಂಚರು ತಮ್ಮ ಸೀಮೆಯ ಹೆಸರನ್ನು ಇಲ್ಲಿಯೂ ನೋಂದಾಯಿಸಿಕೊಂಡರು.

ಶಾಂಪೇನ್ ಸೀಮೆ ಇರುವುದು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಾರಾಯಣಗಾಂವ್ 19ರಲ್ಲಿ. ವೈನ್ ಪಠ್ಯಪುಸ್ತಕಗಳು 30ರಿಂದ 50 ಡಿಗ್ರಿಯ ನಡುವಿನ ಪಟ್ಟಿಯನ್ನೇ ದ್ರಾಕ್ಷಾರಸದ ದೇಶ ಎನ್ನುತ್ತಿದ್ದವು. ಹಾಗಿದ್ದೂ ನೊರೆ ವೈನಿನಿಂದಲೇ ಶುರು ಮಾಡಿದ್ದು ಹುಚ್ಚು ಸಾಹಸವಲ್ಲ, ಅದರಲ್ಲೊಂದು ಲೆಕ್ಕಾಚಾರವಿತ್ತು. ಬಿಸಿಲಿನ ನಾಡಿನಲ್ಲಿ ಹಣ್ಣಿನ ಸಿಹಿ ಬೇಗ ಏರುತ್ತದೆ, ಹುಳಿ ಅಷ್ಟೇ ಬೇಗ ಇಳಿಯುತ್ತದೆ. ಹುಳಿ ಇಲ್ಲದ ವೈನ್ ಉಪ್ಪಿಲ್ಲದ ಸಾರಿನ ಹಾಗೆ. ನೊರೆ ವೈನಿಗಾದರೆ ಹಣ್ಣನ್ನು ಪೂರ್ತಿ ಮಾಗುವ ಮೊದಲೇ, ಹುಳಿ ಇನ್ನೂ ಉಳಿದಿರುವಾಗಲೇ ಕೊಯ್ಯುತ್ತಾರೆ. ಬೇಕಾದ ಉಳಿದ ಸತ್ತ್ವ ಬಾಟಲಿಯೊಳಗೆ ಹುಟ್ಟುತ್ತದೆ. ಸಿದ್ಧ ವೈನಿಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಸೇರಿಸಿ ಮುಚ್ಚಳ ಬಿಗಿದರೆ ಒಳಗೇ ಎರಡನೆಯ ಸಲ ಹುದುಗುತ್ತದೆ, ಹುಟ್ಟಿದ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಸತ್ತ ಯೀಸ್ಟಿನ ಮೇಲೆ ತಿಂಗಳುಗಟ್ಟಲೆ ಮಲಗಿಸಿ, ಆಮೇಲೆ ದಿನಕ್ಕಿಷ್ಟು ತಿರುಗಿಸುತ್ತ ಬಾಟಲಿಯನ್ನು ತಲೆಕೆಳಗು ಮಾಡಿ, ಗಷ್ಟು ಕತ್ತಿನ ಬಳಿ ಕೂತ ಮೇಲೆ ಅದನ್ನು ಚಿಮ್ಮಿಸಿ ಹೊರಹಾಕುತ್ತಾರೆ. ರ‍್ಯಾನ್ಸ್ ಪಟ್ಟಣದ ಸುಣ್ಣಕಲ್ಲಿನ ನೆಲಮಾಳಿಗೆಗಳು ಈ ಕೆಲಸಕ್ಕೆ ಬೇಕಾದ ತಂಪನ್ನು ಪುಕ್ಕಟೆ ಕೊಡುತ್ತವೆ. ನಾರಾಯಣಗಾಂವ್‌ನಲ್ಲಿ ಅದನ್ನು ಯಂತ್ರದಿಂದ ಪಡೆಯಬೇಕಿತ್ತು.

ಇಷ್ಟೆಲ್ಲ ಮಾಡಿದ ಬಾಟಲಿ ಮುಖ ಮಾಡಿದ್ದು ಹೊರದೇಶಕ್ಕೆ. ಊರಿನಲ್ಲಿ ಕುಡಿಯುವವರಿರಲಿಲ್ಲ ಎಂಬುದಷ್ಟೇ ಕಾರಣವಲ್ಲ. 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದಲ್ಲಿ ಮದ್ಯ ಕುಡಿಯಲು ಇವತ್ತಿಗೂ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಆ ವೈನನ್ನು ಒಮರ್ ಖಯ್ಯಾಮ್ ಎಂದು ಮಾರಿದರು. ಭಾರತದಲ್ಲಿ ಅದರದೇ ಬಳಗದ ನೊರೆ ವೈನಿಗೆ ಇಟ್ಟ ಹೆಸರು ಮಾರ್ಕ್ವಿಸ್ ಡಿ ಪೊಂಪಡೂರ್. ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟರೆ ನನಗೆ ನಗು ಬರುತ್ತದೆ. ಲಂಡನ್ನಿನವರಿಗೆ ಪೂರ್ವದೇಶದ ಕನಸು: ಪರ್ಷಿಯಾದ ಕವಿ, ಅದೂ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಇಂಗ್ಲಿಷಿಗೆ ತಂದ ಕವಿ. ನಮಗೆ ಡಿ.ವಿ.ಜಿ.ಯವರ ‘ಉಮರನ ಒಸಗೆ’ಯಿಂದ ಪರಿಚಿತನಾದವನು ಅವನೇ. ಮುಂಬೈಯವರಿಗೆ ಪಶ್ಚಿಮದ ಕನಸು: ಹದಿನೈದನೆಯ ಲೂಯಿ ದೊರೆಯ ಪ್ರೇಯಸಿ. ಜುನ್ನರಿನ ಮಣ್ಣಿನ ಹೆಸರು ಎರಡರಲ್ಲೂ ಇಲ್ಲ. ಇದ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲವೇನೋ.

ಇದಕ್ಕೆ ಸಮಾನಾಂತರವಾಗಿ ನಮ್ಮ ಕಡೆಯೂ ಒಂದು ಕಥೆ ನಡೆಯಿತು. ಮುಂಬೈ ಮೂಲದ ಇನ್ನೊಬ್ಬ ಉದ್ಯಮಿ ಕಂವಲ್ ಗ್ರೋವರ್ ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಓಡಾಡುತ್ತ ವೈನಿಗೆ ಮನಸೋತರು. ಅವರು ನೆರವಿಗೆ ಕರೆದದ್ದೂ ಶಾಂಪೇನ್ ಸೀಮೆಯವರನ್ನೇ, ಬೂಜಿ ಎಂಬ ಹಳ್ಳಿಯ ಜಾರ್ಜ್ ವೆಸೆಲ್ ಅವರನ್ನು. ದೇಶದ ಹಲವು ಕಡೆ ಮಣ್ಣು ನೋಡಿ, ಮೂವತ್ತಕ್ಕೂ ಹೆಚ್ಚು ತಳಿಗಳನ್ನು ಪರೀಕ್ಷಿಸಿ, ಕೊನೆಗೆ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ತೋಟ ಎಬ್ಬಿಸಿದರು. ಮುಂದೆ ಬೋರ್ಡೋದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಇಲ್ಲಿನ ಕೆಂಪು ವೈನ್ ‘ಲಾ ರಿಸರ್ವ್’ 2005ರಲ್ಲಿ ಬ್ರಿಟನ್ನಿನ ಡಿಕ್ಯಾಂಟರ್ ಪತ್ರಿಕೆಯಲ್ಲಿ ದೊಡ್ಡ ಹೊಗಳಿಕೆ ಪಡೆಯಿತು. ಹೊಗಳಿದವರು ಸ್ಟೀವನ್ ಸ್ಪರಿಯರ್. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ವೈನುಗಳನ್ನು ಫ್ರೆಂಚ್ ವೈನುಗಳ ಜೊತೆ ಹೆಸರು ಮುಚ್ಚಿ ಕುಡಿಸಿ, ಫ್ರೆಂಚ್ ತೀರ್ಪುಗಾರರಿಂದಲೇ ಕ್ಯಾಲಿಫೋರ್ನಿಯಾಕ್ಕೆ ಮೊದಲ ಸ್ಥಾನ ಕೊಡಿಸಿದ ಮನುಷ್ಯ.

ಆ ಪ್ಯಾರಿಸ್ ಪಂದ್ಯದ ನೆರಳು ಆಮೇಲಿನ ಎಲ್ಲ ಹೊಸ ವೈನ್ ನಾಡುಗಳ ಮೇಲೆ ಬಿದ್ದಿದೆ. ಕಣ್ಣುಮುಚ್ಚಿ ಕುಡಿದಾಗ ಫ್ರೆಂಚ್ ಎಂದು ಭ್ರಮೆ ಹುಟ್ಟಿಸಿದರೆ ಗೆದ್ದ ಹಾಗೆ. ಒಮರ್ ಖಯ್ಯಾಮ್ ಬಗ್ಗೆ ಬಂದ ಮೆಚ್ಚುಗೆಯಲ್ಲೂ ‘ಭಾರತದ್ದು ಎಂದರೆ ನಂಬುತ್ತೀರಾ’ ಎಂಬ ಧಾಟಿಯೇ ಮುಖ್ಯವಾಗಿತ್ತು. ಹಾಗೆ ಬರೆದವರನ್ನು ನಾನು ದೂರುವುದಿಲ್ಲ. ಲೋಟದಲ್ಲಿರುವುದನ್ನು ಅಳೆಯುವುದು ಅವರ ಕೆಲಸ, ಅದನ್ನು ಪ್ರಾಮಾಣಿಕವಾಗಿ ಮಾಡಿದರು. ಆದರೆ ಲೋಟದಲ್ಲಿ ಕಾಣದ ಸಂಗತಿಯೊಂದಿತ್ತು, ಹಣ್ಣಿನ ಕರಾರು.

ತಿನ್ನುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಇರುವ ವ್ಯತ್ಯಾಸ ರುಚಿಯದಷ್ಟೇ ಅಲ್ಲ. ಪುಣೆ, ಸಾಂಗ್ಲಿ, ಸೋಲಾಪುರ, ವಿಜಯಪುರದ ರೈತ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಹುಟ್ಟಿದ ತಾಸ್‌–ಎ–ಗಣೇಶ್, ಸೋನಾಕಾ ತಳಿಗಳಿಗೆ ಎರಡು ಬಾಗಿಲುಗಳಿವೆ. ಬೆಲೆ ಇದ್ದರೆ ಪೆಟ್ಟಿಗೆಯಲ್ಲಿ ತುಂಬಿ ಮುಂಬೈಗೋ ಕೊಲ್ಕತ್ತಾಗೋ ಕಳಿಸಬಹುದು. ಬೆಲೆ ಬಿದ್ದರೆ ನೆರಳಿನ ಅಟ್ಟದ ಮೇಲೆ ಹರಡಿ ಒಣದ್ರಾಕ್ಷಿ ಮಾಡಿ, ತಾಸಗಾಂವ್ ಪೇಟೆಯಲ್ಲಿ ಮಾರಬಹುದು. ತಿಕೋಟಾ, ಬಬಲೇಶ್ವರ ಕಡೆಯ ಕನ್ನಡದ ರೈತರು ಮರಾಠಿ ದಲ್ಲಾಳಿಗಳ ಮುಂದೆ ಕೂತು ಚೌಕಾಸಿ ಮಾಡುವುದು ಇದೇ ಎರಡನೆಯ ಬಾಗಿಲ ಬಲದಿಂದ. ಹಣ್ಣು ಒಣಗಿದರೆ ಕಾಯುವ ತಾಕತ್ತು ಬರುತ್ತದೆ.

ಕ್ಯಾಬರ್ನೇ ಸುವಿನ್ಯೋ, ಶಿರಾಜ್, ಶಾರ್ಡನೇಗಳಿಗೆ ಈ ಬಾಗಿಲು ಒಂದೂ ಇಲ್ಲ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಳ್ಳುಗಾಡಿಯಲ್ಲಿ ಇಟ್ಟರೆ ಯಾರೂ ಮುಟ್ಟುವುದಿಲ್ಲ, ಒಣಗಿಸಿದರೆ ಬೀಜವೇ ಉಳಿಯುತ್ತದೆ. ತಿನ್ನುವ ದ್ರಾಕ್ಷಿಗೆ ಹಾಕುವ ಚಪ್ಪರವೂ ಇದಕ್ಕೆ ಹೊಂದದು. ತಂತಿಯನ್ನು ಬೇಲಿಯ ಹಾಗೆ ನೆಟ್ಟಗೆ ಎಳೆದು ಬಳ್ಳಿ ಹಬ್ಬಿಸಬೇಕು. ಅದು ಹೊಸ ಖರ್ಚು. ನೆಟ್ಟ ಮೇಲೆ ಒಳ್ಳೆಯ ಫಸಲು ಬರಲು ವರ್ಷಗಳು ಬೇಕು. ಆಮೇಲೆ ಆ ಹಣ್ಣನ್ನು ಕೊಳ್ಳುವವನು ಜಗತ್ತಿನಲ್ಲಿ ಒಬ್ಬನೇ, ವೈನರಿಯವನು. ಹಣ್ಣು ಮಾಗಿದ ಮೇಲೆ ಅವನಿಗಾಗಿ ಕಾಯಲು ಸಿಗುವುದು ಕೆಲವೇ ದಿನ. ಫ್ರಾನ್ಸಿನಲ್ಲಿ ಇದಕ್ಕೆ ಉತ್ತರವಾಗಿ ಸಹಕಾರಿ ವೈನರಿಗಳು ನೂರು ವರ್ಷಗಳಿಂದ ಇವೆ. ರೈತರೇ ಸೇರಿ ಹಿಂಡಿ, ವೈನ್ ಮಾಡಿ ಇಟ್ಟುಕೊಳ್ಳುತ್ತಾರೆ. ನಾವು ಬಳ್ಳಿ ತಂದೆವು, ತಜ್ಞರನ್ನು ತಂದೆವು, ಯಂತ್ರ ತಂದೆವು. ಸಕ್ಕರೆ ಸಹಕಾರಿಗಳಿಗೆ ಹೆಸರಾದ ಮಹಾರಾಷ್ಟ್ರದಲ್ಲಿಯೇ ಸಹಕಾರಿ ವೈನರಿ ಮಾತ್ರ ಬಲವಾಗಿ ಬೇರೂರಲಿಲ್ಲ. ಇದು ನನಗೆ ಇಂದಿಗೂ ಸೋಜಿಗ.

2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ಪ್ರಕಟಿಸಿತು. ವೈನಿಗೆ ಅಬಕಾರಿ ವಿನಾಯಿತಿ, ನಾಸಿಕ್ ಜಿಲ್ಲೆಯ ವಿಂಚೂರಿನಲ್ಲಿ, ಸಾಂಗ್ಲಿ ಜಿಲ್ಲೆಯ ಪಲೂಸ್‌ನಲ್ಲಿ ವೈನ್ ಪಾರ್ಕುಗಳು. ಅದಕ್ಕೆ ಸ್ವಲ್ಪ ಮೊದಲು ರಾಜೀವ್ ಸಾಮಂತ್ ಕ್ಯಾಲಿಫೋರ್ನಿಯಾದ ಕೆರಿ ಡ್ಯಾಮ್ಸ್ಕಿ ಜೊತೆ ಸೇರಿ ನಾಸಿಕ್‌ನಲ್ಲಿ ಸುಲಾ ಶುರು ಮಾಡಿದ್ದರು. ವೈನರಿಗಳು ಅಣಬೆಯಂತೆ ಎದ್ದವು. 2006ರಲ್ಲಿ ಬೆಂಗಳೂರಿನ ಯುಬಿ ಸಮೂಹ ಫ್ರಾನ್ಸಿನ ಲುವಾರ್ ಕಣಿವೆಯ ಬುವೆ–ಲಾಡುಬೆ ಕಂಪನಿಯನ್ನೇ ಕೊಂಡಿತು, ಪುಣೆ ಜಿಲ್ಲೆಯ ರೋಟಿ ಎಂಬ ಹಳ್ಳಿಯಲ್ಲಿ ಫೋರ್ ಸೀಸನ್ಸ್ ವೈನರಿ ಕಟ್ಟಿತು. ಹಳ್ಳಿಯ ಹೆಸರು ರೋಟಿ, ಅಲ್ಲಿ ವೈನ್. ಕಟ್ಟುಕಥೆಯಲ್ಲಿ ಬಂದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಕರ್ನಾಟಕ 2007ರಲ್ಲಿ ತನ್ನ ವೈನ್ ನೀತಿ ತಂದಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಮೇಲೂ ಅದರ ಕಣ್ಣು. ಇಂಡೇಜ್ ಕೂಡ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಕಂಪನಿಗಳನ್ನು ಕೊಳ್ಳುವಷ್ಟು ಬೆಳೆದಿತ್ತು.

2008 ಬಂತು. ಜಗತ್ತಿನ ಹಣಕಾಸು ಕುಸಿಯಿತು. ನವೆಂಬರ್ 26ರಂದು ಮುಂಬೈ ಮೇಲೆ ದಾಳಿ ನಡೆಯಿತು. ದಾಳಿಗೆ ಒಳಗಾದ ತಾಜ್, ಒಬೆರಾಯ್‌ಗಳಂಥ ಹೋಟೆಲುಗಳೇ ಭಾರತದ ವೈನಿನ ಮುಖ್ಯ ಮಾರುಕಟ್ಟೆ. ಪ್ರವಾಸಿಗರು ನಿಂತರು, ಬಾಟಲಿಗಳು ನಿಂತವು, ಟ್ಯಾಂಕುಗಳಲ್ಲಿ ಹಳೆಯ ವೈನ್ ಹಾಗೇ ಉಳಿಯಿತು. ಟ್ಯಾಂಕು ಖಾಲಿ ಇಲ್ಲದವನು ಹೊಸ ಹಣ್ಣು ಕೊಳ್ಳುವುದಾದರೂ ಹೇಗೆ? ಸಾಲದ ಭಾರ ಹೊತ್ತಿದ್ದ ಇಂಡೇಜ್ ಕುಸಿದು, ಕಂಪನಿಯನ್ನು ಮುಚ್ಚುವ ಮೊಕದ್ದಮೆ ಬಾಂಬೆ ಹೈಕೋರ್ಟಿಗೆ ಹೋಯಿತು. ವೈನರಿಗಳನ್ನು ನಂಬಿ ಬಳ್ಳಿ ನೆಟ್ಟಿದ್ದ ರೈತರು ಕೊಯ್ಲಿನ ಹೊತ್ತಿಗೆ ಗಿರಾಕಿ ಇಲ್ಲದೆ ನಿಂತರು. ನಾಸಿಕ್ ಸುತ್ತ ಅನೇಕರು ವೈನ್ ದ್ರಾಕ್ಷಿಯನ್ನು ಬುಡಸಮೇತ ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದರು. ಫಲ ಕೊಡುವ ಬಳ್ಳಿಯನ್ನು ಕೀಳುವುದೆಂದರೆ ಏನೆಂದು ತೋಟ ಮಾಡಿದವರಿಗೆ ಗೊತ್ತು.

ಇದೇ ಹೊತ್ತಿಗೆ ಬೆಂಗಳೂರಿನ ಸುತ್ತ ಯಾರೂ ಗಮನಿಸದ ಒಂದು ಹಣ್ಣು ತನ್ನ ಪಾಡಿಗೆ ಬೆಳೆಯುತ್ತಿತ್ತು, ಬೆಂಗಳೂರು ಬ್ಲೂ. ಇಸಾಬೆಲ್ಲಾ ಎಂಬ ಅಮೆರಿಕದ ತಳಿಯ ಬಂಧು. ಕಪ್ಪು ಬಣ್ಣ, ಬೀಜ, ಬಿರುಸು ಸಿಪ್ಪೆ, ಮೂಗಿಗೆ ಹೊಡೆಯುವ ಪರಿಮಳ. ಆ ಪರಿಮಳವನ್ನು ವೈನ್ ಪಂಡಿತರು ‘ನರಿ ವಾಸನೆ’ ಎಂದು ಜರೆಯುತ್ತಾರೆ. ಫ್ರಾನ್ಸ್ 1930ರ ದಶಕದಲ್ಲಿಯೇ ಇಸಾಬೆಲ್ಲಾವನ್ನು ನಿಷೇಧಿಸಿತು. ಯುರೋಪಿನ ಮೇಳದಲ್ಲಿ ಇದಕ್ಕೆ ಪೀಠ ಸಿಗುವುದಿಲ್ಲ. ಆದರೆ ಇದನ್ನು ತಿನ್ನುತ್ತಾರೆ, ಜ್ಯೂಸ್ ಮಾಡುತ್ತಾರೆ, ಜಾಮ್ ಮಾಡುತ್ತಾರೆ, ಸಿಹಿ ವೈನನ್ನೂ ಮಾಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ನಡುವೆ 2013ರಲ್ಲಿ ಇದಕ್ಕೂ ಭೌಗೋಳಿಕ ಸೂಚಕ ಸಿಕ್ಕಿತು. ನೋಂದಣಿ ಪುಸ್ತಕದಲ್ಲಿ ಶಾಂಪೇನ್ ಮತ್ತು ಬೆಂಗಳೂರು ಬ್ಲೂ ಈಗ ಒಂದೇ ಮನೆಯವು. ಇದರಿಂದ ಉತ್ತಮ ವೈನ್ ಆಗುತ್ತದೆಂದು ವಾದಿಸುವಷ್ಟು ಊರಭಿಮಾನ ನನಗಿಲ್ಲ. ಬೆಲೆ ಬಿದ್ದ ವರ್ಷ ನಾಲ್ಕು ಕಡೆ ಹೋಗಬಲ್ಲ ಹಣ್ಣು ಇದು ಎಂಬುದನ್ನು ಮಾತ್ರ ಒಪ್ಪಬೇಕು.

ಕುಸಿತದ ನಂತರ ಉಳಿದವರು ಮೇಳದ ತೀರ್ಪಿಗಿಂತ ಹೆಚ್ಚಾಗಿ ಮನೆಯ ಗಿರಾಕಿಯನ್ನು ನಂಬಿದವರು. ಸುಲಾ ತೋಟಕ್ಕೇ ಜನರನ್ನು ಕರೆದು, ಹಾಡು ಹಾಕಿ, ಮುಂಬೈ–ಪುಣೆಯ ತರುಣರಿಗೆ ಕುಡಿಯಲು ಕಲಿಸಿತು. ರೈತರೊಂದಿಗೆ ದೀರ್ಘ ಅವಧಿಯ ಒಪ್ಪಂದಗಳನ್ನು ಮಾಡಿಕೊಂಡಿತು. ಸೋಲಾಪುರ ಜಿಲ್ಲೆಯ ಅಕ್ಲುಜ್‌ನಲ್ಲಿ ಮೋಹಿತೆ–ಪಾಟೀಲ್ ಕುಟುಂಬ ಇಟಲಿಯ ಪಾಲುದಾರರೊಂದಿಗೆ ಫ್ರಾತೆಲ್ಲಿ ಕಟ್ಟಿತು. ಬಳ್ಳಿಯೂ ವೈನರಿಯೂ ಒಂದೇ ಕೈಯಲ್ಲಿ. ರೋಟಿಯ ಫೋರ್ ಸೀಸನ್ಸ್ ಕೊನೆಗೆ ನಂದಿಬೆಟ್ಟದ ಗ್ರೋವರ್‌ ಜಂಪಾ ಕಂಪನಿಯ ಪಾಲಾಯಿತು.

ಪುಣೆಯ ಅಂಚಿನ ಮಾಂಜರಿಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ವೈನ್ ತಳಿಗಳ ಅಧ್ಯಯನವೂ ನಡೆಯುತ್ತದೆ, ಒಣದ್ರಾಕ್ಷಿಯದೂ ನಡೆಯುತ್ತದೆ. ಕೃಷ್ಣಾ ಕಣಿವೆಯಲ್ಲಿ ವೈನ್ ಬೆಳೆಯಿರಿ ಎಂದು ಎರಡು ರಾಜ್ಯಗಳು ಇಷ್ಟು ವರ್ಷ ಹೇಳಿದ ಮೇಲೂ ವಿಜಯಪುರದ ದ್ರಾಕ್ಷಿ ಹೆಚ್ಚಾಗಿ ಹೋಗುವುದು ಅಟ್ಟಕ್ಕೇ. ಅಧಿಕಾರಿಗಳು ಇದನ್ನು ರೈತರ ಹಿಂಜರಿಕೆ ಎನ್ನಬಹುದು. ನಾರಾಯಣಗಾಂವ್‌ನ ಕಥೆ ಓದಿದ ಮೇಲೆ ನಾನು ಆ ಪದ ಬಳಸಲಾರೆ. ಮಾರ್ಚ್ ಕೊನೆಗೆ ಆ ಅಟ್ಟಗಳ ಮೇಲೆ ಹಸಿರು ಗೊಂಚಲುಗಳು ಹದಿನೈದು ಇಪ್ಪತ್ತು ದಿನ ಗಾಳಿಗೆ ಬಾಡುತ್ತ ಬಿದ್ದಿರುತ್ತವೆ, ಆಮೇಲೆ ಶೀತಲಗೃಹ ಸೇರಿ ಬೆಲೆಗಾಗಿ ಕಾಯುತ್ತವೆ.