ಗೂಟ ಬಿಚ್ಚಿ ತಂದ ಮನೆ

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಚಿಡ್ಡಿಂಗ್‌ಸ್ಟೋನ್ ಎಂಬ ಹಳ್ಳಿಯಿದೆ. ಅದರ ಹತ್ತಿರ ಬೌ ಬೀಚ್ ಎಂಬಲ್ಲಿ 1960ರ ದಶಕದ ಕೊನೆಗೆ ಒಂದು ಜಲಾಶಯ ಕಟ್ಟಿದರು. ಮುಳುಗಡೆ ಎಂಬ ಮಾತಿನ ಭಾರವನ್ನು ಶರಾವತಿ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ. ಬೌ ಬೀಚ್ ಯೋಜನೆಗೆ ಸಿಕ್ಕಿದ ಹಳೆಯ ಮನೆಗಳಲ್ಲಿ ಬೇಲೀಫ್ ಎಂಬ ಹೆಸರಿನ ರೈತಮನೆಯೂ ಒಂದು. ಅದು ಅಳಿಯದೆ ಉಳಿಯಿತು. 1968–69ರಲ್ಲಿ ಅದನ್ನು ತೊಲೆ ತೊಲೆಯಾಗಿ ಬಿಚ್ಚಿ, ಪಶ್ಚಿಮ ಸಸೆಕ್ಸ್‌ನ ಸಿಂಗಲ್ಟನ್ ಹಳ್ಳಿಗೆ ಸಾಗಿಸಿ, 1972ರಲ್ಲಿ ಮತ್ತೆ ನಿಲ್ಲಿಸಿದರು. ಹಳೆಯ ಕಟ್ಟಡಗಳನ್ನು ಉಳಿಸಲೆಂದೇ 1967ರಲ್ಲಿ ಹುಟ್ಟಿದ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯದ ಬಯಲಲ್ಲಿ ಅದು ಇಂದಿಗೂ ನಿಂತಿದೆ.

ಇಡೀ ಮನೆಯೊಂದನ್ನು ಬಿಚ್ಚಿ ಕಟ್ಟುವುದು ಸಾಧ್ಯವೇ ಎಂದು ಅಚ್ಚರಿಯಾಗಬಹುದು. ಇದಕ್ಕೆ ಉತ್ತರ ಅದನ್ನು ಕಟ್ಟಿದ ಕಾಲದ ಬಡಗಿಗಳ ಪದ್ಧತಿಯಲ್ಲೇ ಇದೆ. ಈ ಮನೆ ಹುಟ್ಟಿದ್ದು ವೀಲ್ಡ್‌ನಲ್ಲಿ; ವೀಲ್ಡ್ ಎಂದರೆ ಕೆಂಟ್, ಸಸೆಕ್ಸ್ ಮತ್ತು ಸರ್ರೆಗಳ ನಡುವೆ ಹರಡಿರುವ ಜೇಡಿಮಣ್ಣಿನ ಕಾಡುಸೀಮೆ. ಅಲ್ಲಿ ಓಕ್ ಮರಕ್ಕೆ ಬರವಿರಲಿಲ್ಲ. ಒಣಗಿದ ಓಕ್ ಕಬ್ಬಿಣದಷ್ಟು ಗಟ್ಟಿ, ಉಳಿ ಹಿಡಿಯುವುದಿಲ್ಲ. ಹಾಗಾಗಿ ಹಸಿ ಮರವನ್ನೇ ಕೆತ್ತುತ್ತಿದ್ದರು. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ತೆಗೆದು, ಇನ್ನೊಂದರಲ್ಲಿ ಕೊರೆದ ಗಂಡಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಎರಡೂ ಮರಗಳ ತೂತುಗಳನ್ನು ಸರಿಯಾಗಿ ಒಂದರ ಮೇಲೊಂದು ಬರದ ಹಾಗೆ ಕೂದಲೆಳೆಯಷ್ಟು ಆಚೀಚೆ ಕೊರೆಯುತ್ತಿದ್ದರು. ಬಡಿದಷ್ಟೂ ಗೂಟ ಎರಡನ್ನೂ ಬಿಗಿದೆಳೆಯಬೇಕು, ಅದಕ್ಕೆ. ಮರ ಒಣಗುತ್ತಾ ಬಂದಂತೆ ಆ ಹಿಡಿತ ಇನ್ನೂ ಬಲವಾಗುತ್ತದೆ. ಈ ಒಂದು ಯುಕ್ತಿಯ ಮುಂದೆ ನನಗೆ ಅರಮನೆಗಳ ಕೆತ್ತನೆಯೂ ಸಪ್ಪೆ ಎನಿಸುತ್ತದೆ.

ಚೌಕಟ್ಟನ್ನೆಲ್ಲ ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡುವರು. ಸೇರುವ ಎರಡು ಮರಗಳಿಗೂ ಉಳಿಯಿಂದ ಒಂದೇ ರೋಮನ್ ಅಂಕಿ ಗೀರುವರು. ಆಮೇಲೆ ಬಿಚ್ಚಿ, ಜಾಗಕ್ಕೆ ಒಯ್ದು, ಅಂಕಿ ನೋಡಿಕೊಂಡು ಎತ್ತಿ ನಿಲ್ಲಿಸುವರು. ಅಂದರೆ ಇಂಥ ಮನೆ ಹುಟ್ಟುವಾಗಲೇ ಒಮ್ಮೆ ಬಿಚ್ಚಿಸಿಕೊಂಡದ್ದು. ಐನೂರು ವರ್ಷ ಕಳೆದ ಮೇಲೆ ಗೂಟ ಹೊರಗೆ ಬಡಿದವರು ಆ ಬಡಗಿಯ ಕೆಲಸವನ್ನೇ ಹಿಮ್ಮುಖವಾಗಿ ಮಾಡಿದರು.

ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ನೋಡಿದಾಗ ಬೇಲೀಫಿನ ನಡುಮನೆಯ ಕಾಲ 1405–1430ರ ನಡುವೆ ಎಂದು ಗೊತ್ತಾಯಿತು. ಯಜಮಾನನ ಕೋಣೆಗಳಿರುವ ತುದಿಯ ಭಾಗ ಸುಮಾರು 1505–1510ರದ್ದು. ಮುಂದೆ ನಿಂತು ನೋಡಿದರೆ ಎರಡೂ ಕೊನೆಗಳಲ್ಲಿ ಮಹಡಿ ಒಂದಿಷ್ಟು ಮುಂದಕ್ಕೆ ಚಾಚಿದೆ, ನಡುಭಾಗ ಒಳಸರಿದಿದೆ. ಮೂರನ್ನೂ ಒಂದೇ ಮಾಡು ಮುಚ್ಚುತ್ತದೆ. ಒಳಸರಿದ ಕಡೆ ಸೂರು ಗೋಡೆಯಿಂದ ದೂರ ಉಳಿಯುವುದರಿಂದ, ಬಾಗಿದ ಮರದ ತೋಳುಗಳು ಅದನ್ನು ಹೊತ್ತು ನಿಂತಿವೆ. ಈ ನಮೂನೆಗೆ ವೀಲ್ಡನ್ ಮನೆ ಎಂದೇ ಹೆಸರು. ಕಂಬಗಳ ನಡುವಿನ ಗೋಡೆ ತಡಿಕೆಗೆ ಮಣ್ಣು ಮೆತ್ತಿದ್ದು. ಮಾಡಿಗೆ ಕೈಯಲ್ಲಿ ತಟ್ಟಿದ ಚಪ್ಪಟೆ ಹೆಂಚು.

ಬಾಗಿಲು ದಾಟಿದರೆ ಮನೆಯನ್ನು ಅಡ್ಡಡ್ಡ ಹಾಯುವ ಓಣಿ. ಅದರ ಒಂದು ಬದಿಗೆ ಅಕ್ಕಪಕ್ಕ ಎರಡು ಬಾಗಿಲು. ಒಂದರೊಳಗೆ ಪಾನೀಯದ ಪೀಪಾಯಿಗಳು, ಇನ್ನೊಂದರೊಳಗೆ ದವಸ, ರೊಟ್ಟಿ. ಇನ್ನೊಂದು ಬದಿಗೆ ನಡುಮನೆ. ಅದಕ್ಕೆ ಮಹಡಿಯಿಲ್ಲ. ತಲೆಯೆತ್ತಿದರೆ ಮಾಡಿನ ಮರಗಳೇ ಕಾಣುತ್ತವೆ. ನೆಲದ ಮೇಲೆ ಬಯಲು ಒಲೆ, ಹೊಗೆಗೂಡು ಇಲ್ಲ. ಹೊಗೆ ಮೇಲೇರಿ ಹೆಂಚಿನ ಸಂದುಗಳಲ್ಲಿ ಸೋರಿ ಹೋಗಬೇಕು. ಕಿಟಕಿಗಳಿಗೆ ಗಾಜೂ ಇಲ್ಲ, ಮರದ ಸರಳುಗಳು ಮತ್ತು ಗಾಳಿ ತಡೆಯಲು ಹಲಗೆ ಕದ. ಆ ನಾಡಿನ ಚಳಿಗಾಲದಲ್ಲಿ ಕದ ಮುಚ್ಚಿದರೆ ಕತ್ತಲೆ, ತೆಗೆದರೆ ನಡುಕ. ಹಾಗೆಂದು ಇದು ಬಡವನ ಮನೆಯಲ್ಲ. ಆರು ಕೋಣೆಗಳ ಮನೆ ಕಟ್ಟಿಸಿ, ಮಲಗುವ ಕೋಣೆಗೆ ಹೊಂದಿಕೊಂಡಂತೆ ಗೋಡೆಯಾಚೆ ಚಾಚಿದ ಪಾಯಿಖಾನೆ ಮಾಡಿಸುವಷ್ಟು ಅನುಕೂಲಸ್ಥ ಒಕ್ಕಲಿನದು. ಅಷ್ಟಿದ್ದರೂ ಮನೆಮಂದಿಯ ಬದುಕೆಲ್ಲ ಆ ಒಂದು ಬೆಂಕಿಯ ಸುತ್ತ. ಯಜಮಾನನ ಮೇಜು ಮಾತ್ರ ಓಣಿಯಿಂದ ದೂರದ ತುದಿಯಲ್ಲಿ. ಯಾರು ಎಲ್ಲಿ ಕೂರಬೇಕೆಂಬುದನ್ನು ಮನೆಯ ನಕಾಶೆಯೇ ಹೇಳುತ್ತದೆ.

ಕಾಲಾಂತರದಲ್ಲಿ ಇಂಥ ಮನೆಗಳಿಗೆಲ್ಲ ಇಟ್ಟಿಗೆಯ ಹೊಗೆಗೂಡು ಬಂತು. ಹೊಗೆ ದಾರಿ ಹಿಡಿದ ಮೇಲೆ ನಡುಮನೆಗೂ ಜಂತೆ ಹಾಕಿ ಮಹಡಿ ಮಾಡಿಕೊಂಡರು. ಬೇಲೀಫಿಗೂ ಅದೇ ಆಯಿತು. ಸಿಂಗಲ್ಟನ್‌ನಲ್ಲಿ ಮರುಕಟ್ಟುವಾಗ ಆ ಸೇರ್ಪಡೆಗಳನ್ನು ಬಿಟ್ಟು, 16ನೇ ಶತಮಾನದ ಆರಂಭದ ರೂಪಕ್ಕೆ ತಂದರು. ಈ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಹೊಗೆಗೂಡು ಕಟ್ಟಿಸಿದ ಮನೆಯವರೂ ಈ ಮನೆಯ ಚರಿತ್ರೆಯೇ, ಕೆಮ್ಮಿ ಕೆಮ್ಮಿ ಸಾಕಾಗಿ ಕಟ್ಟಿಸಿದವರು. ಆದರೆ ಅವರ ಮಹಡಿ ಉಳಿದಿದ್ದರೆ ನೆಲದಿಂದ ಮಾಡಿನ ತುದಿಯವರೆಗಿನ ಆ ಎತ್ತರವನ್ನು ನಾವು ಒಂದೇ ನೋಟದಲ್ಲಿ ಕಾಣುತ್ತಿರಲಿಲ್ಲ.

ಈಗ ಒಳಗೆ 1540ರ ಸುಮಾರಿನ ಮಾದರಿಯ ಮೇಜು, ಪೆಟ್ಟಿಗೆ, ಮಂಚಗಳಿವೆ. ಹೊರಗೆ ಆ ಕಾಲದ ತರಕಾರಿ ಮಡಿಗಳು, ಹಣ್ಣಿನ ತೋಟ, ಸಸೆಕ್ಸ್‌ನ ಕೌಫೋಲ್ಡ್‌ನಿಂದ ಇದೇ ರೀತಿ ಬಿಚ್ಚಿ ತಂದ ಕಣಜದ ಮನೆ. ಚಳಿಯ ದಿನಗಳಲ್ಲಿ ನಡುಮನೆಯ ಒಲೆಗೆ ಬೆಂಕಿ ಹಚ್ಚುತ್ತಾರೆ. ಹೊಗೆ ಹೆಂಚಿನ ಸಂದು ಹುಡುಕಿಕೊಂಡು ಮೇಲೇರುತ್ತದೆ.